ನಡುರಾತ್ರಿಯ ಕೂಗಿಗೆ ಓಗೊಡುವವರಾರು?

(ಮಣಿಕೊಂಡದಲ್ಲಿ ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂದರ್ಭದಲ್ಲಿ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾನು ಹಿಂದೆಗೆದೆ. ಪಂಪನ ವಿಚಾರವಾಗಲಿ ಕುಮಾರವ್ಯಾಸನ ವಿಚಾರವಾಗಲಿ ಮಾತನಾಡುವ ಯೋಗ್ಯತೆ ನನಗಿಲ್ಲ. ಓದಿದ್ದು ಬಿ.ಕಾಂ.; ಮಾಡುವುದು ಬ್ಯಾಂಕಿನ ಗುಮಾಸ್ತಿಕೆ. “ನಿಮಗೆ ತಿಳಿದದ್ದನ್ನೇ ಹೇಳಿ, ಸಾಕು” ಎಂದರು ಅವರು. ನನಗೆ ಅಷ್ಟಿಷ್ಟು ತಿಳಿದಿರುವ ವಿಷಯ ಒಂದೇ. ಊರೆಲ್ಲ ಮಲಗಿರುವಾಗ ಬ್ಯಾಂಕಿನ ಗಣಕಯಂತ್ರ ತಾನಾಗಿಯೇ ಕೆಲಸ ಮಾಡುತ್ತಿರುತ್ತದೆ. ಆ ಕೆಲಸ ನಡುವೆ ನಿಂತುಹೋದರೆ ಅದು ಮನುಷ್ಯನನ್ನು ಹೇಗೆ ಕೂಗಿ ಎಬ್ಬಿಸಬೇಕು ಎಂಬುದು. ಈ ಸಭೆಯಲ್ಲಿ ಅರ್ಧಕ್ಕೆ ಅರ್ಧ ಜನ ಗಚ್ಚಿಬೌಲಿ, ನಾನಕ್‌ರಾಮ್‌ಗುಡದ ಕಚೇರಿಗಳಲ್ಲಿ ಇದೇ ವಿದ್ಯೆಯಲ್ಲಿ ಪಳಗಿದವರು. ಅವರ ಮುಂದೆ ಈ ಮಾತೆತ್ತುವುದು ಗಾಣಿಗನಿಗೆ ಎಣ್ಣೆ ಮಾರಿದಂತೆ. ಆದರೂ ಗಲ್ಲೆಯ ಈಚೆ ಕುಳಿತವನ ಕಣ್ಣಿಗೆ ಅದು ಹೇಗೆ ಕಾಣುತ್ತದೆಂದು ಹೇಳಿದರೆ ಅವರಿಗೂ ಬೇಸರವಾಗಲಾರದೆಂದು ನಂಬಿದ್ದೇನೆ.

ಮೊದಲು ಒಂದು ಸಂಗತಿ. ನಾನು ಈ ಊರಿನ ಒಂದು ಶಾಖೆಯಲ್ಲಿ ನಗದು ಗಲ್ಲೆಯಲ್ಲಿದ್ದಾಗ ನಡೆದದ್ದು. ಯಾವ ಬ್ಯಾಂಕು, ಯಾವ ಶಾಖೆ ಎಂದು ಕೇಳಬೇಡಿ. ತಿಂಗಳ ಮೊದಲ ದಿನ. ಬಾಗಿಲು ತೆರೆಯುವ ಮುಂಚೆಯೇ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕುಳಿತಿದ್ದರು; ಬೀದರ ಕಡೆಯವರು. 1956ರಲ್ಲಿ ಹೈದರಾಬಾದು ಸಂಸ್ಥಾನ ಮೂರು ಪಾಲಾಗಿ ಬೀದರ, ಗುಲ್ಬರ್ಗ, ರಾಯಚೂರು ನಮ್ಮ ಕಡೆಗೆ ಬಂದಾಗ ನೌಕರಿಯ ದೆಸೆಯಿಂದ ಇಲ್ಲೇ ಉಳಿದ ಮನೆತನಗಳಲ್ಲಿ ಒಂದರ ಸೊಸೆ. ಗಂಡ ತೀರಿಹೋದ ಮೇಲೆ ಬರುತ್ತಿದ್ದ ಕುಟುಂಬ ಪಿಂಚಣಿಯೇ ಆಧಾರ. ಪಾಸ್‌ಬುಕ್ಕನ್ನು ಯಂತ್ರಕ್ಕೆ ಕೊಟ್ಟೆ. ಹೊಸದಾಗಿ ಒಂದು ಸಾಲೂ ಬೀಳಲಿಲ್ಲ. “ಬಂದಿಲ್ಲಮ್ಮಾ, ಮಧ್ಯಾಹ್ನ ನೋಡೋಣ” ಎಂದೆ. ಮಧ್ಯಾಹ್ನವೂ ಇಲ್ಲ. ಅವರ ಕೈಯಲ್ಲಿ ಔಷಧದ ಚೀಟಿ ಇತ್ತು. ಸಂಜೆ ಮೂರನೆಯ ಸಲ ಬಂದಾಗ ಅವರು ಕೋಪಿಸಿಕೊಳ್ಳಲಿಲ್ಲ, ಇಷ್ಟೇ ಅಂದರು: “ಬರಂಗಿಲ್ಲ ಅಂದ್ರ ಬರಂಗಿಲ್ಲ ಅಂತ ಯಾರರೆ ಒಬ್ಬರು ಹೇಳಬೇಕಿತ್ತಲ್ಲಪ್ಪಾ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹಣ ಮಾರನೆಯ ದಿನ ಜಮಾ ಆಯಿತು. ಎರಡು ವರ್ಷದ ಮೇಲೆ ನನ್ನನ್ನು ಗಣಕ ಕೇಂದ್ರದ ರಾತ್ರಿ ಪಾಳಿಗೆ ಹಾಕಿದಾಗ ಕುತೂಹಲಕ್ಕಾಗಿ ಆ ದಿನದ ಹಳೆಯ ದಾಖಲೆಯನ್ನು ತೆಗೆಸಿ ನೋಡಿದೆ. ಆಗ ತಿಳಿದದ್ದು ಇದು: ಆ ರಾತ್ರಿ ಡಿಸ್ಕು ತುಂಬಿ ಪಿಂಚಣಿಯ ಜಾಬು ನಿಂತಿತ್ತು. ಯಂತ್ರ ಸುಮ್ಮನಿರಲಿಲ್ಲ. ನಿಂತ ಕ್ಷಣದಲ್ಲಿಯೇ “ನಾನು ನಿಂತಿದ್ದೇನೆ” ಎಂದು ಕಾಗದ ಬರೆದು ಕಳಿಸಿತ್ತು. ಕಳಿಸಿದ್ದು ಯಾರಿಗೆ? ನಾಲ್ಕು ತಿಂಗಳ ಹಿಂದೆ ಬೇರೆ ಊರಿಗೆ ವರ್ಗವಾಗಿ ಹೋಗಿದ್ದ ಒಬ್ಬ ಅಧಿಕಾರಿಯ ಅಂಚೆಪೆಟ್ಟಿಗೆಗೆ! ಹೇಳಬೇಕಾದದ್ದನ್ನು ಯಂತ್ರ ಹೇಳಿತ್ತು, ಕೇಳುವವರು ಇರಲಿಲ್ಲ.

ಇಂದಿನ ನನ್ನ ಮಾತಿನ ಸಾರ ಇದೇ. ನಾವು ಲೆಕ್ಕಿಗರು ಜೋಡಿ ನಮೂದಿನ ಪದ್ಧತಿಯಲ್ಲಿ ಬೆಳೆದವರು. ಒಂದು ಕಡೆ ಖರ್ಚು ಬಿದ್ದರೆ ಇನ್ನೊಂದು ಕಡೆ ಜಮಾ ಬೀಳಲೇಬೇಕು. ಇಲ್ಲವಾದರೆ ಪುಸ್ತಕ ಮುಚ್ಚುವಂತಿಲ್ಲ. ಎಚ್ಚರಿಕೆಯೂ ಹಾಗೆಯೇ. ಕಳಿಸಿದ್ದು ಅರ್ಧ ನಮೂದು. “ಕೇಳಿಸಿತು, ಬಂದೆ” ಎಂದು ಒಬ್ಬ ಮನುಷ್ಯ ಓಗೊಟ್ಟಾಗ ಉಳಿದರ್ಧ. ಈ ಎರಡನೆಯ ಅರ್ಧವನ್ನು ಮರೆಯುವುದರಿಂದಲೇ ಬಹುಪಾಲು ಅನಾಹುತಗಳು ಆಗುತ್ತವೆ.

ಇನ್ನು ಯಂತ್ರದ ವಿಚಾರಕ್ಕೆ ಬರೋಣ. ಹಿಂದೆ ಬ್ಯಾಂಕಿನಲ್ಲಿ ಸಂಜೆ ದಿನವಹಿ ತಾಳೆಯಾಗುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲವೆಂದು ನಮ್ಮ ಹಿರಿಯ ಗುಮಾಸ್ತರು ಹೇಳುತ್ತಿದ್ದರು. ಒಂದಾಣೆ ವ್ಯತ್ಯಾಸ ಬಂದರೆ ಹತ್ತು ಜನ ದೀಪ ಹಚ್ಚಿಕೊಂಡು ಕೂರುವರು. ಅಲ್ಲಿ ಎಚ್ಚರಿಕೆ ಕಳಿಸುವ ಪ್ರಶ್ನೆಯೇ ಇರಲಿಲ್ಲ. ತಪ್ಪು ಆದ ಕಡೆಯಲ್ಲಿಯೇ ಮನುಷ್ಯ ಎಚ್ಚರವಾಗಿದ್ದ. 1984ರಲ್ಲಿ ಡಾ. ರಂಗರಾಜನ್ ಸಮಿತಿಯ ವರದಿ ಬಂದ ಮೇಲೆ ಶಾಖೆಗಳಿಗೆ ಯಂತ್ರಗಳು ಬಂದವು. ಮುಂದೆ ಶಾಖೆಗಳ ಲೆಕ್ಕವೆಲ್ಲ ಒಂದು ಕೇಂದ್ರಕ್ಕೆ ಸೇರಿತು. ಬಡ್ಡಿ ಕಟ್ಟುವುದು, ಪಿಂಚಣಿ ಹಂಚುವುದು, ದಿನ ಮುಗಿಸುವುದು ಎಲ್ಲವೂ ಈಗ ರಾತ್ರಿ ಸರದಿಯಾಗಿ ಓಡುವ ಜಾಬುಗಳು. ಈಗಂತೂ ಬ್ಯಾಂಕಿಗೆ ರಾತ್ರಿಯೂ ಇಲ್ಲ, ರಜೆಯೂ ಇಲ್ಲ. 2019ರ ಡಿಸೆಂಬರ್ 16ರಿಂದ ನೆಫ್ಟ್ ವ್ಯವಸ್ಥೆ ಅರ್ಧ ಗಂಟೆಗೊಂದು ಕಂತಿನಂತೆ ದಿನಕ್ಕೆ 48 ಕಂತುಗಳಲ್ಲಿ ಹಗಲಿರುಳೂ ನಡೆಯುತ್ತಿದೆ. 2021ರ ಆಗಸ್ಟ್ 1ರಿಂದ ಸಂಬಳ, ಸಾಲದ ಕಂತು ಮುಂತಾದುವನ್ನು ಸಾಗಿಸುವ ನ್ಯಾಚ್ ಕೂಡ ಭಾನುವಾರವೆನ್ನದೆ ನಡೆಯುತ್ತಿದೆ. ಯಂತ್ರ ಎಚ್ಚರವಾಗಿದೆ, ಮನುಷ್ಯ ಮಲಗಿದ್ದಾನೆ. ಇಬ್ಬರ ನಡುವೆ ಒಂದು ಕೂಗು ಬೇಕಾಯಿತು.

ಜಾಬನ್ನು ನಡೆಸುವುದು ಸ್ಕ್ರಿಪ್ಟು. ಅದು ಮದುವೆಮನೆಯ ಕೆಲಸದ ಪಟ್ಟಿಯಿದ್ದಂತೆ: ಇದಾದ ಮೇಲೆ ಇದು, ಇದಾದ ಮೇಲೆ ಅದು. ಯೂನಿಕ್ಸ್ ಜಾತಿಯ ಗಣಕಗಳಲ್ಲಿ ಹೊತ್ತಿಗೆ ಸರಿಯಾಗಿ ಅದನ್ನು ಎಬ್ಬಿಸುವವನ ಹೆಸರು ಕ್ರಾನ್. ಪಟ್ಟಿಯ ಪ್ರತಿಯೊಂದು ಕೆಲಸವೂ ಮುಗಿದಾಗ ಒಂದು ಅಂಕೆಯನ್ನು ಬಿಟ್ಟುಹೋಗುತ್ತದೆ. ಸೊನ್ನೆಯಾದರೆ ಕ್ಷೇಮ, 1ರಿಂದ 255ರವರೆಗೆ ಯಾವುದಿದ್ದರೂ ಏನೋ ಕೆಟ್ಟಿದೆ ಎಂದರ್ಥ. ವ್ಯತ್ಯಾಸ ಸೊನ್ನೆ ಬಂದರೆ ತಾಳೆ ಬಿತ್ತು ಎನ್ನುವ ನಮಗೆ ಇದು ಹೊಸತೇನಲ್ಲ. ಈ ಅಂಕೆಯನ್ನು ನೋಡಿ, ಸೊನ್ನೆಯಲ್ಲವಾದರೆ ಕೂಗುವುದಕ್ಕೆ ಒಂದೇ ಸಾಲಿನ ಆಜ್ಞೆ ಸಾಕು. ಮೇಲ್ ಎಂಬ ಆಜ್ಞೆ ಕಾಗದ ಕಳಿಸುತ್ತದೆ. ಇದು 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲಿಯೇ ಇದೆ. ವಾಲ್ ಎಂಬುದು ಆ ಗಣಕದಲ್ಲಿ ಕೆಲಸಕ್ಕೆ ಕುಳಿತ ಎಲ್ಲರ ಪರದೆಯ ಮೇಲೂ ಡಂಗುರ ಸಾರುತ್ತದೆ. ಲಾಗರ್ ಎಂಬುದು ಗಣಕದ ದಿನಚರಿಯಲ್ಲಿ ನಮೂದು ಮಾಡುತ್ತದೆ. ಅಲ್ಲಿ ಸುದ್ದಿಯ ತೀವ್ರತೆಗೆ 0ಯಿಂದ 7ರವರೆಗೆ ಎಂಟು ದರ್ಜೆಗಳುಂಟು. ಸೊನ್ನೆ ಎಂದರೆ ಮನೆಗೆ ಬೆಂಕಿ ಬಿದ್ದಂತೆ, ಏಳು ಎಂದರೆ ಬರಿಯ ಹರಟೆ.

ಕೇಳಿದರೆ ಇಷ್ಟೇ ತಾನೇ ಎನಿಸುತ್ತದೆ. ಆದರೆ ಮೂರು ವರ್ಷದ ರಾತ್ರಿ ಪಾಳಿಯಲ್ಲಿ ನಾನು ಕಂಡಂತೆ ಕೂಗು ಹಾದಿಯಲ್ಲಿಯೇ ಸಾಯುವುದಕ್ಕೆ ಹತ್ತಾರು ದಾರಿಗಳಿವೆ. ಮುಖ್ಯವಾದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ಬಾಯಿ ಕಟ್ಟುವುದು. ಕ್ರಾನ್ ಬಹು ಒಳ್ಳೆಯವನು. ಜಾಬು ಏನಾದರೂ ಗೊಣಗಿದರೆ ಅದನ್ನು ಕಾಗದ ಮಾಡಿ ಒಡೆಯನಿಗೆ ಕಳಿಸುತ್ತಾನೆ. ಯಾರಿಗೆ ಕಳಿಸಬೇಕೆಂದು ಮೇಲ್‌ಟು ಎಂಬ ಸಾಲಿನಲ್ಲಿ ಬರೆಯಬೇಕು. ಬರೆಯದಿದ್ದರೆ ಕಾಗದ ಆ ಗಣಕದ ಒಳಗಿನ ಪೆಟ್ಟಿಗೆಗೇ ಹೋಗಿ ಬೀಳುತ್ತದೆ. ಅದನ್ನು ತೆರೆಯುವವರೇ ಇಲ್ಲ. ಬರೆದು ಮುಂದೆ ಖಾಲಿ ಬಿಟ್ಟರೆ ಕಾಗದವೇ ಇಲ್ಲ. ಕೆಲವರು ಈ ಗೊಣಗಾಟ ತಡೆಯಲಾರದೆ ಎಲ್ಲವನ್ನೂ ಡೆವ್-ನಲ್ ಎಂಬ ತಳವಿಲ್ಲದ ಹಗೇವಿಗೆ ಸುರಿಯುವಂತೆ ಮಾಡಿಬಿಡುತ್ತಾರೆ. ಮಗು ಅಳುತ್ತದೆಂದು ಬಾಯಿಗೆ ಬಟ್ಟೆ ತುರುಕಿದಂತೆ!

ಎರಡನೆಯದು, ಕೊನೆಯವನ ಮಾತನ್ನೇ ನಂಬುವುದು. ಒಬ್ಬರ ಕೈಯಿಂದ ಒಬ್ಬರಿಗೆ ಕೊಡ ದಾಟಿಸುವಂತೆ ಒಂದು ಆಜ್ಞೆಯ ಫಲವನ್ನು ಮುಂದಿನ ಆಜ್ಞೆಗೆ ದಾಟಿಸುವುದುಂಟು. ಆಗ ಯಂತ್ರ ಸಾಮಾನ್ಯವಾಗಿ ಕೊನೆಯವನು ಬಿಟ್ಟ ಅಂಕೆಯನ್ನು ಮಾತ್ರ ನೋಡುತ್ತದೆ. ಬಾವಿಯ ಬಳಿಯವನು ಕುಸಿದು ಬಿದ್ದಿದ್ದರೂ ಕೊನೆಯವನು “ನನ್ನ ಪಾಲಿಗೆ ಬಂದ ಖಾಲಿ ಕೊಡವನ್ನು ಸರಿಯಾಗಿಯೇ ಇಟ್ಟಿದ್ದೇನೆ” ಎಂದು ಸೊನ್ನೆ ತೋರಿಸುತ್ತಾನೆ. ಬ್ಯಾಶ್ ಎಂಬ ಆಜ್ಞಾಭಾಷೆಯಲ್ಲಿ ಪೈಪ್‌ಫೇಲ್ ಎಂಬ ನಿಯಮವನ್ನು ಮೊದಲೇ ಹೇಳಿಟ್ಟರೆ ನಡುವೆ ಯಾರು ಕುಸಿದರೂ ಗೊತ್ತಾಗುತ್ತದೆ.

ಮೂರನೆಯದು, ಕೂಗುವವನೇ ದಾರಿ ತಪ್ಪುವುದು. ಹಗಲು ನಾವು ಕೈಯಾರೆ ಪರೀಕ್ಷಿಸುವಾಗ ಕಾಗದ ಸರಾಗವಾಗಿ ಹೋಗುತ್ತದೆ. ರಾತ್ರಿ ಕ್ರಾನ್ ಓಡಿಸುವಾಗ ಅದಕ್ಕೆ ತಿಳಿದಿರುವ ಓಣಿಗಳು ಬಹಳ ಕಡಿಮೆ. ಮೇಲ್ ಆಜ್ಞೆ ಎಲ್ಲಿದೆಯೆಂದು ಪೂರ್ತಿ ವಿಳಾಸ ಬರೆಯದಿದ್ದರೆ ಅದು ಹುಡುಕಿ ಸಿಕ್ಕದೆ ಕೈಚೆಲ್ಲುವುದುಂಟು. ಆದುದರಿಂದ ಪರೀಕ್ಷೆಯನ್ನು ಕ್ರಾನ್ ಕೈಯಲ್ಲಿಯೇ ಮಾಡಿಸಬೇಕು. ಬೇಕೆಂದೇ ಒಂದು ಜಾಬನ್ನು ಕೆಡಿಸಿ, ಕೂಗು ಬರುವುದೇ ಎಂದು ಕಾದು ನೋಡಬೇಕು. ಬೆಂಕಿಯಿಲ್ಲದಾಗಲೇ ಗಂಟೆ ಬಾರಿಸಿ ನೋಡದವನು ಬೆಂಕಿ ಬಿದ್ದಾಗ ಹಗ್ಗ ಹುಡುಕುತ್ತಾನೆ.

ನಾಲ್ಕನೆಯದು, ಒಂದೇ ದಾರಿಯನ್ನು ನೆಚ್ಚುವುದು. 2021ರ ಮಾರ್ಚ್ 8ರಂದು ವಾಣಿಜ್ಯ ಎಸ್‌ಎಂಎಸ್‌ಗಳನ್ನು ಸೋಸುವ ಹೊಸ ನಿಯಮ ಜಾರಿಗೆ ಬಂದಾಗ ದೇಶದ ಉದ್ದಗಲಕ್ಕೂ ಬ್ಯಾಂಕಿನ ಒಟಿಪಿಗಳೇ ತಡೆದು ನಿಂತದ್ದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಟ್ರಾಯ್ ಸಂಸ್ಥೆ ಆ ಸೋಸುವಿಕೆಯನ್ನು ಏಳು ದಿನಗಳ ಮಟ್ಟಿಗೆ ನಿಲ್ಲಿಸಬೇಕಾಯಿತು. ಅಂಥ ರಾತ್ರಿ ಎಸ್‌ಎಂಎಸ್ ಒಂದನ್ನೇ ನಂಬಿ ಮಲಗಿದವನ ಗತಿಯೇನು? ಕಾಗದವೂ ಬೇಕು, ದೂರವಾಣಿಯ ಕರೆಯೂ ಬೇಕು.

ಐದನೆಯದು, ಕೂಗಿ ಕೂಗಿ ಬೆಲೆಗೆಡುವುದು. ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಕಥೆ ಎಲ್ಲರಿಗೂ ಗೊತ್ತು. ನಾನು ಪಾಳಿಗೆ ಸೇರಿದಾಗ ಪ್ರತಿಯೊಂದು ಜಾಬೂ “ಕ್ಷೇಮವಾಗಿ ಮುಗಿದೆ” ಎಂದು ಕಾಗದ ಕಳಿಸುತ್ತಿತ್ತು. ಆ ಕ್ಷೇಮಸಮಾಚಾರದ ರಾಶಿಯಲ್ಲಿ ಒಂದು ಸಾವಿನ ಸುದ್ದಿ ಇದ್ದರೆ ಕಣ್ಣಿಗೆ ಬೀಳುವುದು ಹೇಗೆ? ಹಾಗೆಂದು ಮೌನವನ್ನೇ ಕ್ಷೇಮವೆಂದು ತಿಳಿಯುವುದೂ ಅಪಾಯ. ಗಣಕವೇ ಕೆಟ್ಟು ನಿಂತರೆ ಕೂಗುವವರಾರು? ಸತ್ತವನು ತನ್ನ ಸಾವಿನ ಸುದ್ದಿಯನ್ನು ತಾನೇ ತರಲಾರ. ಇದಕ್ಕೆ ಉಪಾಯವನ್ನು ನಮ್ಮ ಹಳ್ಳಿಯ ತಳವಾರರಿಂದ ಕಲಿಯಬೇಕು. ಇರುಳಿನಲ್ಲಿ ಅವರು ಗಸ್ತು ತಿರುಗುತ್ತ ಜಾವಕ್ಕೊಂದು ಸಲ ಕೂಗು ಹಾಕುವರು. ಆ ಕೂಗಿಗೆ ಯಾರೂ ಏಳುವುದಿಲ್ಲ. ಕೂಗು ಕೇಳಿಸದ ರಾತ್ರಿ ಮಾತ್ರ ಗೌಡ ಎದ್ದು ಕೂರುತ್ತಾನೆ. ಹಾಗೆಯೇ ಜಾಬು ಮುಗಿದಾಗ “ಮುಗಿದೆ” ಎಂಬ ಸದ್ದನ್ನು ಮನುಷ್ಯನಿಗೆ ಕಳಿಸದೆ ಇನ್ನೊಂದು ಗಣಕಕ್ಕೆ ಕಳಿಸಬೇಕು. ಗೊತ್ತಾದ ಗಂಟೆಯೊಳಗೆ ಅದು ಬಾರದಿದ್ದರೆ ಆ ಎರಡನೆಯ ಗಣಕ ಮನುಷ್ಯನನ್ನು ಎಬ್ಬಿಸಬೇಕು.

ಇಷ್ಟೆಲ್ಲ ಮಾಡಿದರೂ ಆಗುವುದು ಕೂಗು ಕಿವಿ ಮುಟ್ಟುವಷ್ಟು ಮಾತ್ರ. ಓಗೊಡುವ ಮಾತು ಇನ್ನೂ ಉಳಿಯಿತು. ಅದಕ್ಕೆ ದೃಷ್ಟಾಂತವಾಗಿ ನಮ್ಮ ನೆರೆಯ ಗೋಲ್ಕೊಂಡಕ್ಕೆ ಹೋಗಿ ಬರೋಣ. ಊರಿಂದ ಬಂದ ನೆಂಟರನ್ನೆಲ್ಲ ನಾವು ಅಲ್ಲಿಗೆ ಕರೆದೊಯ್ದು ಚಪ್ಪಾಳೆ ತಟ್ಟಿಸುವುದುಂಟು. ಕೆಳಗಿನ ದ್ವಾರದ ಗುಮ್ಮಟದಡಿಯಲ್ಲಿ ತಟ್ಟಿದ ಚಪ್ಪಾಳೆ ಗುಡ್ಡದ ತುದಿಯ ಬಾಲಾಹಿಸ್ಸಾರದಲ್ಲಿ ಕೇಳಿಸುತ್ತದೆ. ಕಾವಲಿನವರು ಮೇಲಕ್ಕೆ ಸುದ್ದಿ ಮುಟ್ಟಿಸಲು ಮಾಡಿಕೊಂಡ ಏರ್ಪಾಡು ಎನ್ನುತ್ತಾರೆ. ನೆಂಟರು ಬೆರಗಾಗುವುದು ಚಪ್ಪಾಳೆಗೆ. ನನಗೀಗ ಬೆರಗು, ಮೇಲೆ ನಿಂತು ಹಗಲಿರುಳು ಕಿವಿಗೊಟ್ಟಿದ್ದವನನ್ನು ನೆನೆದು. ಅವನಿಲ್ಲದೆ ಗುಮ್ಮಟದ ಶಿಲ್ಪವೆಲ್ಲ ವ್ಯರ್ಥ.

1687ರಲ್ಲಿ ಔರಂಗಜೇಬನ ಸೈನ್ಯ ಆ ಕೋಟೆಯನ್ನು ಎಂಟು ತಿಂಗಳು ಮುತ್ತಿತ್ತು. ಒಂದು ರಾತ್ರಿ ಮೊಗಲರು ಸದ್ದಿಲ್ಲದೆ ಗೋಡೆಯೇರುತ್ತಿದ್ದಾಗ ಒಂದು ಬೀದಿನಾಯಿ ಬೊಗಳಿತು. ಕಾವಲಿನವರು ಎದ್ದು ಅವರನ್ನು ಹಿಮ್ಮೆಟ್ಟಿಸಿದರು. ಸುಲ್ತಾನ ಅಬುಲ್ ಹಸನ್ ಆ ನಾಯಿಗೆ ಚಿನ್ನದ ಸರಪಳಿ ತೊಡಿಸಿದನೆಂದು ಮೊಗಲರ ಇತಿಹಾಸಕಾರ ಖಾಫಿ ಖಾನನೇ ಬರೆದಿದ್ದಾನೆ. ನಾಯಿಗೆ ಸನ್ಮಾನ ಸಲ್ಲತಕ್ಕದ್ದೇ. ಆದರೆ ಆ ಬೊಗಳಿಗೆ ಥಟ್ಟನೆ ಎದ್ದ ಕಾವಲುಗಾರನ ಹೆಸರು ನಮಗೆ ತಿಳಿಯದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಳಗಿನವರೇ ಬಾಗಿಲು ತೆಗೆದುದರಿಂದ ಕೋಟೆ ಬಿತ್ತು. ಬಾಗಿಲು ಕಾಯುವವನೇ ಕರ್ತವ್ಯ ಬಿಟ್ಟರೆ ಯಾವ ಚಪ್ಪಾಳೆಯೂ ಕಾಯಲಾರದು.

ಗಣಕಶಾಸ್ತ್ರದ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರು. 1964ರಲ್ಲಿ ಪ್ರಕಟವಾದ ಐಬಿಎಂ 360 ಗಣಕದ ಕಾರ್ಯವ್ಯವಸ್ಥೆಯಲ್ಲಿ ಆಪರೇಟರಿಗೆ ಸುದ್ದಿ ಹೇಳುವುದು ಒಂದು ಬಗೆ, ಸುದ್ದಿ ಹೇಳಿ ಉತ್ತರಕ್ಕಾಗಿ ಕಾಯುವುದು ಇನ್ನೊಂದು ಬಗೆ ಎಂದು ಬೇರೆ ಬೇರೆಯಾಗಿಯೇ ಇಟ್ಟರು. ಅದರ ಸಂದೇಶಗಳ ಗುರುತಿನ ಕೊನೆಗೆ ಒಂದಕ್ಷರವಿರುತ್ತದೆ. ಇದು ಬರಿಯ ಸುದ್ದಿಯೋ, ಏನಾದರೂ ಮಾಡಬೇಕಾದದ್ದೋ, ನೀನೇ ತೀರ್ಮಾನ ಹೇಳಬೇಕಾದದ್ದೋ ಎಂದು ಆ ಅಕ್ಷರ ನೋಡಿದೊಡನೆ ತಿಳಿಯುತ್ತದೆ. 1977ರಲ್ಲಿ ವ್ಯಾಕ್ಸ್ ಗಣಕದೊಡನೆ ಬಂದ ವಿಎಂಎಸ್ ವ್ಯವಸ್ಥೆಯಲ್ಲಂತೂ ಸ್ಕ್ರಿಪ್ಟಿನೊಳಗೆ ಬರೆಯಬಹುದಾದ ರಿಕ್ವೆಸ್ಟ್ ಎಂಬ ಆಜ್ಞೆಯೇ ಇದೆ. ಅದು ಆಪರೇಟರ ಪರದೆಗೆ ಕೋರಿಕೆ ಕಳಿಸುತ್ತದೆ. ಉತ್ತರ ಬೇಕೆಂದು ಸೇರಿಸಿ ಬರೆದರೆ ಕೋರಿಕೆಗೆ ಒಂದು ಸಂಖ್ಯೆ ಬೀಳುತ್ತದೆ. ಆಪರೇಟರು ಆ ಸಂಖ್ಯೆಗೆ ರಿಪ್ಲೈ ಎಂಬ ಆಜ್ಞೆಯಿಂದ ಓಗೊಡುವವರೆಗೆ ಜಾಬು ಮುಂದಡಿಯಿಡದೆ ಕಾಯುತ್ತದೆ. ಖರ್ಚು ಇದೆ, ಜಮಾ ಇದೆ. ಜೋಡಿ ನಮೂದು ಪೂರ್ಣ. ಮುಂದೆ ಕಾಗದ, ಎಸ್‌ಎಂಎಸ್ ಎಂದು ಕೂಗುವುದು ಸುಲಭವಾದಂತೆಲ್ಲ ಈ ಎರಡನೆಯ ಅರ್ಧವನ್ನು ನಾವು ಕೈಬಿಟ್ಟೆವೋ ಎಂದು ನನಗೆ ಅನುಮಾನ.

ರಾತ್ರಿಯ ಕೆಲಸ ಕೆಟ್ಟರೆ ಎಂಥ ದೊಡ್ಡವರೂ ತತ್ತರಿಸುತ್ತಾರೆ. 2012ರ ಜೂನ್ ತಿಂಗಳಿನಲ್ಲಿ ಬ್ರಿಟನ್ನಿನ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಸಮೂಹದಲ್ಲಿ ರಾತ್ರಿಯ ಜಾಬುಗಳನ್ನು ಸರದಿಯಿಂದ ಓಡಿಸುವ ತಂತ್ರಾಂಶವನ್ನು ನವೀಕರಿಸಹೋಗಿ ಖಾತೆಗಳ ಲೆಕ್ಕವೇ ಅಸ್ತವ್ಯಸ್ತವಾಯಿತು. 65 ಲಕ್ಷಕ್ಕೂ ಮಿಕ್ಕ ಗಿರಾಕಿಗಳು ತೊಂದರೆಗೆ ಸಿಕ್ಕಿದರು. 2014ರಲ್ಲಿ ಅಲ್ಲಿನ ನಿಯಂತ್ರಕರು 5 ಕೋಟಿ 60 ಲಕ್ಷ ಪೌಂಡುಗಳ ದಂಡ ವಿಧಿಸಿದರು. ಅಲ್ಲಿ ದೊಡ್ಡ ದಂಡ; ನಮ್ಮಲ್ಲಿ ಒಬ್ಬ ಮುದುಕಿಯ ಒಂದು ದಿನದ ಔಷಧ. ಎರಡೂ ಒಂದೇ ಜಾತಿಯ ಬೆಳಗುಗಳು.

ನಮ್ಮ ಕೇಂದ್ರದಲ್ಲಿ ನಾವು ಮಾಡಿಕೊಂಡ ಸುಧಾರಣೆಯನ್ನು ಹೇಳಿ ಮುಗಿಸುತ್ತೇನೆ. ಅದನ್ನು ಬರೆದುಕೊಟ್ಟವರು ನನಗಿಂತ ಚಿಕ್ಕ ವಯಸ್ಸಿನ ಇಬ್ಬರು ಎಂಜಿನಿಯರುಗಳು. ಹಟ ಹಿಡಿದದ್ದು ಮಾತ್ರ ನಾನು. ಮೊದಲನೆಯದಾಗಿ, ಎಚ್ಚರಿಕೆ ಹೋಗುವುದು ವ್ಯಕ್ತಿಯ ಹೆಸರಿಗಲ್ಲ, ಪಾಳಿಗೆ. ಮನುಷ್ಯರಿಗೆ ವರ್ಗವಾಗುತ್ತದೆ, ಪಾಳಿಗೆ ವರ್ಗವಿಲ್ಲ. ಎರಡನೆಯದಾಗಿ, ಪಾಳಿಯವನು ತನ್ನ ಸಂಖ್ಯೆಯನ್ನು ಒತ್ತಿ ಓಗೊಡುವವರೆಗೆ ಹತ್ತು ನಿಮಿಷಕ್ಕೊಮ್ಮೆ ಕೂಗು ಮರುಕಳಿಸುತ್ತದೆ. ಮೂರು ಸಲ ಉತ್ತರವಿಲ್ಲದಿದ್ದರೆ ಮೇಲಿನವರ ಮನೆಯ ದೂರವಾಣಿ ಬಾರಿಸುತ್ತದೆ. ಮೂರನೆಯದಾಗಿ, ಸಂದೇಶದ ಭಾಷೆ. ಹಿಂದೆ “ಜಾಬು ಕೆಟ್ಟಿದೆ, ಅಂಕೆ 8” ಎಂದಷ್ಟೇ ಬರುತ್ತಿತ್ತು. ನಿದ್ದೆಗಣ್ಣಿನವನಿಗೆ ಅದರಿಂದ ಏನು ತಿಳಿದೀತು? ಈಗ ಬರುವ ಸಂದೇಶ ಇಂಥದು: “ಪಿಂಚಣಿ ಜಮಾ ನಿಂತಿದೆ. ರಾತ್ರಿ 2-10. ಮೂರನೆಯ ಹೆಜ್ಜೆ. ಕಾರಣ: ಡಿಸ್ಕು ತುಂಬಿದೆ. ಹಳೆಯ ಕಡತಗಳನ್ನು ಸರಿಸಿ ಮೂರನೆಯ ಹೆಜ್ಜೆಯಿಂದಲೇ ಓಡಿಸಿ. ಮೊದಲಿನಿಂದ ಓಡಿಸಬೇಡಿ, ಎರಡು ಸಲ ಜಮಾ ಆದೀತು. ಬೆಳಗ್ಗೆ 6ರೊಳಗೆ ಮುಗಿಯಬೇಕು.” ಏನು, ಯಾವಾಗ, ಎಲ್ಲಿ, ಏಕೆ, ಏನು ಮಾಡಬೇಕು, ಏನು ಮಾಡಬಾರದು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೆಂದು ಊರಿಗೆ ತಂತಿ ಕೊಡುತ್ತಿದ್ದ ಕಾಲದಲ್ಲಿ ನಮ್ಮ ಹಿರಿಯರು ಒಂದೊಂದು ಪದವನ್ನೂ ಅಳೆದು ಬರೆಯುತ್ತಿದ್ದ ಹಾಗೆ ಇದನ್ನೂ ಬರೆಯಬೇಕು.

ಒಂದು ತಿಂಗಳ ಕೊನೆಯ ರಾತ್ರಿ ಅಂಥ ಕೂಗು ನಿಜವಾಗಿಯೇ ಬಂತು. ನಾನೇ ಪಾಳಿಯಲ್ಲಿದ್ದೆ. ಓಗೊಟ್ಟೆ, ಹೇಳಿದಂತೆ ಮಾಡಿದೆ, ಐದೂವರೆಗೆ ಜಾಬು ಮುಗಿದು ಅಂಕೆ ಸೊನ್ನೆ ಬಂತು. ಹೊರಗೆ ಬಂದಾಗ ಹಾಲಿನವರು ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದರು. ಅಂದು ಯಾವ ಶಾಖೆಯಲ್ಲಿಯೂ ಏನೂ ನಡೆಯಲಿಲ್ಲ. ಯಾರೂ ನನಗೆ ಚಿನ್ನದ ಸರಪಳಿ ತೊಡಿಸಲಿಲ್ಲ, ತೊಡಿಸಬೇಕಾಗಿಯೂ ಇಲ್ಲ. ಎಲ್ಲಿಯೋ ಒಂದು ಗಲ್ಲೆಯ ಮುಂದೆ ಒಬ್ಬ ಮುದುಕಿ ಪಾಸ್‌ಬುಕ್ಕು ಕೊಟ್ಟು, ಹೊಸ ಸಾಲು ಬಿದ್ದುದನ್ನು ನೋಡಿ, ಒಂದು ಮಾತನ್ನೂ ಆಡದೆ ಔಷಧದ ಅಂಗಡಿಗೆ ನಡೆದಿರಬೇಕು. ಈ ಕೆಲಸಕ್ಕೆ ಅಷ್ಟೇ ಸಂಬಳ.

“ಯಾರರೆ ಒಬ್ಬರು ಹೇಳಬೇಕಿತ್ತಲ್ಲಪ್ಪಾ” ಎಂಬ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರ ಇದೊಂದೇ: ಹೇಳುವುದನ್ನು ಯಂತ್ರ ಮಾಡೀತು ತಾಯಿ, ಕೇಳುವುದನ್ನು ನಾವೇ ಮಾಡಬೇಕು. ಸಭೆಯಲ್ಲಿರುವ ತರುಣ ಮಿತ್ರರಲ್ಲಿ ನನ್ನ ವಿನಂತಿಯೂ ಇಷ್ಟೇ. ನಾಳೆ ಕಚೇರಿಗೆ ಹೋದಾಗ ತಮ್ಮ ಸ್ಕ್ರಿಪ್ಟುಗಳ ಕೂಗು ಯಾರ ವಿಳಾಸಕ್ಕೆ ಹೋಗುತ್ತಿದೆ, ಆ ಮನುಷ್ಯ ಈಗಲೂ ಅಲ್ಲಿ ಇದ್ದಾನೆಯೇ ಎಂದು ಒಮ್ಮೆ ನೋಡಿ ಬನ್ನಿ.